ಕಣವಿಲ್ಲದ ಕಬ್ಬು, ಹೆಸರಿಲ್ಲದ ಹಾಡು
(ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ನೀಲಗಾರರ ಹಾಡಿನ ಚರಿತ್ರೆ ಕುರಿತು)

1

ನಗರದ ಪತ್ರಿಕೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಓಡಾಡುತ್ತಿದೆ. ಇಂಡಿ ಸಂಗೀತ, ಪರ್ಯಾಯ ಸಂಗೀತ ಅಂತ. ಹೊಸ ಬ್ಯಾಂಡು ಹುಟ್ಟಿತು, ಹೊಸ ಆಲ್ಬಂ ಬಂತು ಅಂತ ಸುದ್ದಿ ಮಾಡುತ್ತಾರೆ. ಇದಕ್ಕೆ ನಾಲ್ಕು ನಕ್ಷತ್ರ, ಅದಕ್ಕೆ ಮೂರು ನಕ್ಷತ್ರ ಅಂತ ವಿಮರ್ಶೆ ಬರೆಯುತ್ತಾರೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಸಿನಿಮಾದ ಹಂಗಿಲ್ಲದೆ, ಸಂಗೀತ ಸಭೆಗಳ ಹಂಗೂ ಇಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ಹಾಡುವವರ ಸಂಗೀತ ಎಂಬುದು ಆ ಮಾತಿನ ಅರ್ಥ. ಅರ್ಥವೇನೋ ಒಳ್ಳೆಯದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ ಅರ್ಥವನ್ನೇ ಕೈಯಲ್ಲಿ ಹಿಡಿದುಕೊಂಡು ಮದ್ದೂರು ದಾಟಿ ಮಳವಳ್ಳಿ ಕಡೆಗೆ ಹೊರಟರೆ ಏನು ಕಾಣುತ್ತದೆ? ರೆಕಾರ್ಡು ಕಂಪನಿ ಎಂಬುದು ಭೂಮಿಯ ಮೇಲೆ ಹುಟ್ಟುವುದಕ್ಕೆ ನೂರಾರು ವರ್ಷ ಮುಂಚಿನಿಂದಲೂ ಅಲ್ಲಿ ಒಬ್ಬ ಹಾಡುಗಾರನಿದ್ದಾನೆ. ಹೆಗಲಿಗೆ ಜೋಳಿಗೆ, ಹಣೆಗೆ ಕಪ್ಪು ಧೂಳ್ತ, ಕೈಲಿ ತಂಬೂರಿ. ಅವನಿಗೆ ಅರಮನೆಯ ಪಗಾರವಿಲ್ಲ, ಸಭೆಯ ಶಾಲು ಇಲ್ಲ, ದೇವಸ್ಥಾನದ ಒಳಾಂಗಣವೂ ಇಲ್ಲ. ಅವನ ಹೆಸರು ನೀಲಗಾರ. ಪರ್ಯಾಯ ಸಂಗೀತದ ಚರಿತ್ರೆ ಬರೆಯುವವರು ಇವನಿಂದ ಶುರುಮಾಡದೆ ಬೇರೆ ಎಲ್ಲಿಂದಲೋ ಶುರುಮಾಡಿದರೆ ಅದು ಚರಿತ್ರೆಯಾಗುವುದಿಲ್ಲ, ಬರೀ ಅಂಗಡಿಯ ಪಟ್ಟಿಯಾಗುತ್ತದೆ.

ಹಾಗಂತ 'ನಮ್ಮದೇ ಮೊದಲು' ಎಂದು ಎದೆ ತಟ್ಟಿಕೊಳ್ಳುವುದಕ್ಕೆ ನಾವು ಇದನ್ನು ಬರೆಯುತ್ತಿಲ್ಲ. ಆ ಕೆಲಸ ಮಾಡುವವರು ಬೇರೆ ಇದ್ದಾರೆ. ನಮ್ಮ ಪ್ರಶ್ನೆ ಇಷ್ಟೇ: ಹಾಡು ಯಾರದು, ಹೆಸರು ಯಾರದು, ಹಣ ಯಾರದು? ಈ ಮೂರೂ ಒಬ್ಬರ ಕೈಲೇ ಇಲ್ಲದೆ ಬೇರೆ ಬೇರೆಯಾದದ್ದು ಹೇಗೆ ಎಂಬುದನ್ನು ನಮ್ಮ ಸೀಮೆಯ ಚರಿತ್ರೆಯಲ್ಲಿ ಹುಡುಕಬೇಕಾಗಿದೆ.

2

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. 'ಧರೆಗೆ ದೊಡ್ಡವರು' ಎಂದು ನಮ್ಮ ಜನ ಕರೆಯುವ ಈ ಗುರು ಹದಿನೈದು-ಹದಿನಾರನೆಯ ಶತಮಾನದವನಿರಬೇಕು ಎಂದು ವಿದ್ವಾಂಸರ ಅಂದಾಜು. ಶಿಷ್ಯ ರಾಚಪ್ಪಾಜಿಯ ನೆಲೆ ಕಾವೇರಿ ದಂಡೆಯ ಕಪ್ಪಡಿ. ಇನ್ನೊಬ್ಬ ಶಿಷ್ಯ ಸಿದ್ದಪ್ಪಾಜಿಯ ನೆಲೆ ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಚಿಕ್ಕಲ್ಲೂರು. ಇವರ ಕತೆಯನ್ನು ಹಾಡುವುದಕ್ಕೆಂದೇ ಹರಕೆ ಹೊತ್ತು, ದೀಕ್ಷೆ ಪಡೆದವರು ನೀಲಗಾರರು. ಇವರಲ್ಲಿ ಬಹುಪಾಲು ದಲಿತರು. ಹಿಂದುಳಿದ ಬೇರೆ ಜಾತಿಗಳವರೂ ಉಂಟು. ಮಾದಪ್ಪನ ಕತೆ ಹಾಡುವ ಕಂಸಾಳೆಯ ದೇವರಗುಡ್ಡರಂತೆ ಇವರೂ ಊರೂರು ತಿರುಗಿದವರು.

ಇವರು ಹಾಡುವ ಕತೆ ಎಂಥದು? ಅದನ್ನು ಬರೀ ಭಕ್ತಿಯ ಕತೆ ಎಂದುಕೊಂಡರೆ ನಾವು ಮೋಸಹೋದಂತೆ. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಬಸವಣ್ಣನವರ ಕಲ್ಯಾಣಕ್ಕೆ ಬರುತ್ತಾನೆ. ಹೇಗೆ ಬರುತ್ತಾನೆ? ಮೈ ನಾರುವ, ನೋಡಿದವರು ಮೂಗು ಮುಚ್ಚಿಕೊಳ್ಳುವ, ಕೀಳು ಎಂದು ಊರು ದೂರ ಇಟ್ಟವನ ವೇಷದಲ್ಲಿ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಉಂಡುಟ್ಟು ಸುಖವಾಗಿರುವ ಆ ಊರಿನ ಬಾಗಿಲಲ್ಲಿ ಅವನನ್ನು ತಡೆಯುತ್ತಾರೆ. ಜಾತಿ ಬಿಟ್ಟೆವು ಎಂದವರ ಬಾಗಿಲಲ್ಲೇ ಜಾತಿ ಕಾವಲು ನಿಂತಿತ್ತು ಎಂಬುದನ್ನು ಯಾವ ವಿಮರ್ಶಕನೂ ಹೇಳುವ ಮುಂಚೆ ನೀಲಗಾರ ಹಾಡಿ ಹೇಳಿದ್ದಾನೆ. ಕ್ರಾಂತಿಯನ್ನು ಗೌರವಿಸುತ್ತಲೇ ಆ ಕ್ರಾಂತಿಯನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಈ ಹಾಡಿಗಿದೆ.

ಇನ್ನು ಹಲಗೂರಿನ ಸಾಲು. ಹಲಗೂರು ಕೂಡ ಮಳವಳ್ಳಿ ತಾಲ್ಲೂಕಿನ ಊರೇ. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಮುದ್ದಮ್ಮನ ಮಗನಾಗಿ ಹುಟ್ಟಿದ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಷ್ಯನನ್ನಾಗಿ ಮಾಡಿಕೊಳ್ಳುತ್ತಾನೆ. ಆ ಕೆಂಪಾಚಾರಿಯೇ ಸಿದ್ದಪ್ಪಾಜಿ. ಸ್ಥಿತಿವಂತ ಪಾಂಚಾಳರ ಮನೆಯ ಹುಡುಗ. ಅವನನ್ನು ಗುರು ಎಲ್ಲಿಗೆ ಕಳಿಸುತ್ತಾನೆ? ಹಲಗೂರಿನ ಪಾಂಚಾಳರ ಮನೆಗೇ, ಕಬ್ಬಿಣದ ಭಿಕ್ಷೆಗೆ. ಅಂದರೆ ತನ್ನ ಜಾತಿಯವರ ಬಾಗಿಲಲ್ಲೇ ತಿರುಪೆಯವನಾಗಿ ನಿಲ್ಲಬೇಕು. ಅವರು ಕೊಡುವುದಿಲ್ಲ. ಹಿಂಸೆಗೆ ಹಾಕುತ್ತಾರೆ, ಪವಾಡದ ಮೇಲೆ ಪವಾಡ ಮಾಡಿ ತೋರಿಸು ಅನ್ನುತ್ತಾರೆ. ಕೊನೆಗೆ ಅವನೇ ಗೆಲ್ಲುತ್ತಾನೆ.

ಅಕ್ಕಿಯನ್ನಲ್ಲ, ರಾಗಿಯನ್ನಲ್ಲ, ಕಬ್ಬಿಣವನ್ನು ಭಿಕ್ಷೆ ಕೇಳುವ ಕತೆ ಇದು. ನೇಗಿಲ ಗುಳ ಕಬ್ಬಿಣ, ಕುಡುಗೋಲು ಕಬ್ಬಿಣ, ಹಾರೆ ಗುದ್ದಲಿ ಕಬ್ಬಿಣ. ದುಡಿಯುವ ಸಾಧನ ಯಾರ ಕೈಲಿರಬೇಕು ಎಂಬ ಪ್ರಶ್ನೆ ನಮ್ಮ ಮಳವಳ್ಳಿ ತಾಲ್ಲೂಕಿನ ಒಂದು ಹಾಡಿನಲ್ಲಿ ಇಷ್ಟು ನೇರವಾಗಿ ಎದ್ದು ನಿಂತಿದೆ. ಇದನ್ನು ಶಾಲೆಯ ಪಾಠದಲ್ಲಿ ಇಡದೆ, 'ಜನಪದ ರಂಜನೆ' ಎಂದು ಕರೆದು ಪಕ್ಕಕ್ಕಿಟ್ಟವರು ಯಾರು, ಯಾಕೆ ಎಂದು ನಮ್ಮ ಮೇಷ್ಟರುಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಹಾಡುವ ಬಗೆಯನ್ನೂ ಗಮನಿಸಬೇಕು. ಒಂದು ಕೈಲಿ ತಂಬೂರಿಯ ತಂತಿ ಮೀಟುತ್ತಾ, ಇನ್ನೊಂದು ಕೈಲಿ ಗಗ್ಗರ ಆಡಿಸುತ್ತಾ ಹಾಡುವವನು ಒಬ್ಬನೇ. ಶ್ರುತಿಯೂ ಅವನದೇ, ತಾಳವೂ ಅವನದೇ. ಹಾಡುತ್ತಾ ಹಾಡುತ್ತಾ ಮಾತಿಗಿಳಿಯುತ್ತಾನೆ, ಮಾತಿನಿಂದ ಮತ್ತೆ ಹಾಡಿಗೆ ಏರುತ್ತಾನೆ. ಹಿಮ್ಮೇಳದವರು ಸೊಲ್ಲು ಎತ್ತುತ್ತಾರೆ, ಹೂಂಗುಟ್ಟುತ್ತಾರೆ. ಕತೆ ಕೇಳಲು ಕೂತವರು ನಿದ್ದೆಗೆ ಜಾರಿದರೆ ನಗಿಸುತ್ತಾನೆ, ಊರಿನ ಯಜಮಾನನಿಗೂ ಒಂದು ಮಾತು ಕುಟುಕುತ್ತಾನೆ. ಇಡೀ ರಾತ್ರಿ ಹಾಡಿದರೂ ಒಂದು ಸಾಲು ಮುಗಿಯದು. ಎಲ್ಲ ಸಾಲನ್ನೂ ಕೇಳಬೇಕಾದರೆ ಎಷ್ಟೋ ರಾತ್ರಿ ಬೇಕು.

ಇಷ್ಟಾದರೂ ಒಂದು ಸತ್ಯವನ್ನು ಮುಚ್ಚಿಡಬಾರದು. ಗದ್ದುಗೆಯ ಯಜಮಾನಿಕೆ ಇರುವುದು ಅರಸು ಮನೆತನದ ಕೈಲಿ. ಹಾಡು ಹೊತ್ತು ತಿರುಗಿದವನು ಹೊಲಗೇರಿಯವನು. ಪರಂಪರೆಯ ಒಳಗೂ ಹಾಡು ಒಬ್ಬರದು, ಪೀಠ ಇನ್ನೊಬ್ಬರದು. ಮುಂದೆ ಕಂಪನಿಗಳ ಕಾಲದಲ್ಲಿ ಆದದ್ದಕ್ಕೆ ಮಾದರಿ ಮೊದಲೇ ಇತ್ತು ಎಂಬುದು ಇದರಿಂದ ತಿಳಿಯುತ್ತದೆ.

3

ನೀಲಗಾರನ ಹೊಟ್ಟೆ ತುಂಬುತ್ತಿದ್ದದ್ದು ಹೇಗೆ? ಹರಕೆಯ ಮನೆ, ತಿಥಿಯ ಮನೆ, ಜೊತೆಗೆ ಸುಗ್ಗಿಯ ಕಣ. ರಾಗಿ ಬಡಿದು ರಾಶಿ ಮಾಡಿದಾಗ ಊರಿನ ಕುಲಕಸುಬಿನವರಿಗೆಲ್ಲ ಒಂದೊಂದು ಪಾಲು ಅಂತ ಇತ್ತು. ಜೋಳಿಗೆ ಹಿಡಿದು ಬಂದವನಿಗೂ ಒಂದು ಮೊರ. ಅದು ಹಕ್ಕೋ ಭಿಕ್ಷೆಯೋ ಎಂಬುದು ಕೊಡುವವನ ಮುಖದ ಮೇಲೆ ನಿಂತಿತ್ತು. ಈ ವ್ಯವಸ್ಥೆಯನ್ನು ಹೊಗಳುವ ಹುಚ್ಚು ನಮಗಿಲ್ಲ. ದೂರ ನಿಂತು ಸೆರಗೊಡ್ಡಬೇಕಾಗಿತ್ತು ಎಂಬುದನ್ನು ನಮ್ಮ ತಾತಂದಿರು ಮರೆತಿರಲಿಲ್ಲ, ನಾವೂ ಮರೆತಿಲ್ಲ.

ಮೂವತ್ತರ ದಶಕದ ಮೊದಲಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯದ ಬಯಲಿಗೆ ಬಂತು. ಆ ನಾಲೆಯೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಈ ಚರಿತ್ರೆಯನ್ನು ನೀರಾವರಿಯ ಮಹಿಮೆ ಎಂದು ಎಲ್ಲರೂ ಓದಿದ್ದಾರೆ. ಹಾಡಿನ ಕಡೆಯಿಂದ ಯಾರೂ ಓದಿದಂತೆ ಕಾಣೆವು.

ರಾಗಿಗೆ ಕಣವುಂಟು, ಭತ್ತಕ್ಕೆ ಕಣವುಂಟು, ಕಬ್ಬಿಗೆ ಕಣವಿಲ್ಲ. ಕಬ್ಬು ಗದ್ದೆಯಿಂದ ಗಾಡಿಗೆ, ಗಾಡಿಯಿಂದ ಕಾರ್ಖಾನೆಗೆ ಅಥವಾ ಆಲೆಮನೆಗೆ ಹೋಗುತ್ತದೆ. ರಾಶಿ ಪೂಜೆ ಇಲ್ಲ, ಮೊರದ ಪಾಲಿಲ್ಲ. ತೂಕದ ಚೀಟಿ ಇದೆ, ಬಿಲ್ಲು ಇದೆ. ಬಿಲ್ಲಿನಲ್ಲಿ ಹಾಡುಗಾರನ ಹೆಸರಿಗೆ ಖಾನೆ ಇಲ್ಲ. ಭೂಮಿ ಇದ್ದವನಿಗೆ ನೀರು ಸಿಕ್ಕಿತು. ಇಲ್ಲದವನಿಗೆ ಕಬ್ಬು ಕಡಿಯುವ ಕೂಲಿ ಸಿಕ್ಕಿತು. ನಮ್ಮ ತಿಳುವಳಿಕೆಯಲ್ಲಿ ನೀಲಗಾರ ಕಾಳಿನ ಲೋಕದಿಂದ ಕಾಸಿನ ಲೋಕಕ್ಕೆ ಬಿದ್ದದ್ದು ಇಲ್ಲಿ. ಕಾಸಿನ ಲೋಕದಲ್ಲಿ ಹಾಡು ಎಂಬುದು ಸರಕು. ಸರಕಿಗೆ ಒಬ್ಬ ಮಾಲೀಕ ಬೇಕೇ ಬೇಕು.

4

1902ರಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಧ್ವನಿಮುದ್ರಣ ಮಾಡಿದರು. ಆಗ ಹಾಡಿದವರಲ್ಲಿ ಪ್ರಸಿದ್ಧರಾದ ಗೌಹರ್ ಜಾನ್ ಕೊನೆಗಾಲ ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರಲ್ಲಿ ಅವರು ತೀರಿಕೊಂಡದ್ದೂ ಮೈಸೂರಿನಲ್ಲೇ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರೇ ಅಲ್ಲಿಂದ ಬಂತು. ಅಂದರೆ ಧ್ವನಿಯನ್ನು ಹಿಡಿಯುವ, ಹರಡುವ ವಿದ್ಯೆ ಮಂಡ್ಯಕ್ಕೆ ಒಂದು ದಿನದ ಎತ್ತಿನ ಗಾಡಿಯ ದಾರಿಯಷ್ಟು ಹತ್ತಿರ ಬಂದಿತ್ತು. ಆದರೂ ಅದು ಹೊಲಗೇರಿಯ ತಂಬೂರಿಯ ತನಕ ಬರುವುದಕ್ಕೆ ಇನ್ನೂ ಎಷ್ಟೋ ದಶಕ ಹಿಡಿಯಿತು. ದೂರ ಇದ್ದದ್ದು ಮೈಲಿಯಲ್ಲಿ ಅಲ್ಲ.

ಮೊದಲು ಬಂದವರು ವಿದ್ವಾಂಸರು. ಅರವತ್ತು-ಎಪ್ಪತ್ತರ ದಶಕದಲ್ಲಿ ಜಾನಪದ ಎಂಬುದು ವಿಶ್ವವಿದ್ಯಾನಿಲಯದ ವಿಷಯವಾಯಿತು. ನಾಗಮಂಗಲ ತಾಲ್ಲೂಕಿನವರೇ ಆದ ಜೀ. ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ತಿರುಗಿ ದಕ್ಷಿಣ ಕರ್ನಾಟಕದ ಕಾವ್ಯಗಳನ್ನು ಬರೆಸಿಕೊಂಡರು. ಪಿ. ಕೆ. ರಾಜಶೇಖರ ಅವರ ಮಾದೇಶ್ವರ ಕಾವ್ಯದ ಸಂಗ್ರಹ 1973ರಲ್ಲಿ ಅಚ್ಚಾಯಿತು. ನಾಗಮಂಗಲದ ಕಡೆಯವರೇ ಆದ ಎಚ್. ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಇವರೆಲ್ಲ ದುಡಿದವರು. ಇವರು ಇಲ್ಲದೆ ಹೋಗಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿತ್ತು ಎಂಬುದನ್ನು ಒಪ್ಪಲೇಬೇಕು.

ಆದರೆ ಪುಸ್ತಕದ ರಟ್ಟನ್ನು ನೋಡುವ ಅಭ್ಯಾಸ ನಮಗಿರಬೇಕು. ಆ ಕಾಲದ ಜಾನಪದ ಸಂಗ್ರಹಗಳಲ್ಲಿ ಸಂಪಾದಕನ ಹೆಸರು ರಟ್ಟಿನ ಮೇಲೆ, ಹಾಡಿದವನ ಹೆಸರು ಒಳಗೆಲ್ಲೋ ಕೃತಜ್ಞತೆಯ ಸಾಲಿನಲ್ಲಿ ಎಂಬುದು ರೂಢಿ. ಪದವಿ, ಬಡ್ತಿ, ಪ್ರಶಸ್ತಿ ಬರೆದುಕೊಂಡವನಿಗೆ. ಹಾಡಿದವನಿಗೆ ಒಂದು ಲೋಟ ಕಾಫಿ, ಬಸ್ ಚಾರ್ಜು. 'ಜನಪದಕ್ಕೆ ಕರ್ತೃವಿಲ್ಲ, ಅದು ಸಮೂಹದ ಸೃಷ್ಟಿ' ಎಂಬ ಸಿದ್ಧಾಂತ ಎಷ್ಟು ಸುಂದರವೋ ಅಷ್ಟೇ ಅನುಕೂಲದ್ದು. ಎಲ್ಲರದೂ ಎಂದ ಮೇಲೆ ಯಾರಿಗೂ ಕೊಡಬೇಕಾಗಿಲ್ಲವಲ್ಲ!

5

ಆಮೇಲೆ ಬಂದದ್ದು ಕ್ಯಾಸೆಟ್ಟು. ಕನ್ನಡದಲ್ಲಿ ಭಾವಗೀತೆಯ ಮೊದಲ ಕ್ಯಾಸೆಟ್ಟು 'ನಿತ್ಯೋತ್ಸವ' 1978ರಲ್ಲಿ ಬಂತು. ಮೈಸೂರು ಅನಂತಸ್ವಾಮಿಯವರ ಸಂಗೀತ, ನಿಸಾರ್ ಅಹಮದ್ ಅವರ ಕವಿತೆ. ಅದು ಮಧ್ಯಮವರ್ಗದ ಮನೆಯ ಷೋಕೇಸು ಸೇರಿತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಯಿತು, ಟೇಪ್ ರೆಕಾರ್ಡರು ಟೀ ಅಂಗಡಿಗೆ, ಬಸ್ಸಿಗೆ, ಟ್ರ್ಯಾಕ್ಟರಿಗೆ ಬಂತು. ಆಗ ಕೇಳುವವರು ಬದಲಾದರು. ಷೋಕೇಸಿನವರಿಗೆ ಬೇಡವಾದ ಹಾಡಿಗೂ ಗಿರಾಕಿ ಇದ್ದಾರೆ ಎಂಬುದು ವ್ಯಾಪಾರಿಗೆ ಗೊತ್ತಾಯಿತು.

ಹೀಗೆ ತಂಬೂರಿ ಕತೆ ಕ್ಯಾಸೆಟ್ಟಿಗೆ ಇಳಿಯಿತು. ಮಳವಳ್ಳಿ ಮಹದೇವಸ್ವಾಮಿ, ಮೈಸೂರು ಗುರುರಾಜ್ ಎಂಬ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಸಿನಿಮಾ ನಟರ ಹೆಸರಿನಷ್ಟೇ ಬಳಕೆಗೆ ಬಂದದ್ದು ಕ್ಯಾಸೆಟ್ಟಿನಿಂದ. ಇದು ಸಣ್ಣ ಸಂಗತಿಯಲ್ಲ. ಜಗಲಿಯ ಕೆಳಗೆ ನಿಂತು ಹಾಡಬೇಕಾಗಿದ್ದ ಜಾತಿಯ ಗಂಟಲು ಮೊದಲ ಸಲ ಮೇಲ್ಜಾತಿಯ ನಡುಮನೆಗೆ ನುಗ್ಗಿತು. ಮನುಷ್ಯ ಹೊಸಿಲು ದಾಟುವ ಮುಂಚೆ ಅವನ ಧ್ವನಿ ಹೊಸಿಲು ದಾಟಿತು. ಅಕ್ಷರ ಬಾರದ ಅಜ್ಜಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದರು. ನೀಲಗಾರನ ಕೇರಿಯ ಹುಡುಗರಿಗೆ, ತಮ್ಮ ಭಾಷೆಯೂ ಯಂತ್ರದೊಳಗೆ ಮಾತಾಡಬಲ್ಲುದು ಎಂಬ ಧೈರ್ಯ ಬಂತು.

ಕಳೆದುಕೊಂಡದ್ದೂ ಉಂಟು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಎರಡು ಮಗ್ಗುಲು, ಮಗ್ಗುಲಿಗೆ ಮೂವತ್ತು ನಿಮಿಷ. ರಾತ್ರಿಗಟ್ಟಲೆಯ ಸಾಲನ್ನು ಆ ಮೂವತ್ತು ನಿಮಿಷಕ್ಕೆ ಕತ್ತರಿಸಬೇಕು. ಕುಟುಕು ಮಾತು ಹೋಯಿತು, ಊರಿನ ಯಜಮಾನನ ಹೆಸರು ಹಿಡಿದು ಆಡುವ ಗೇಲಿ ಹೋಯಿತು. ಕೇಳುವವರ ಮುಖ ನೋಡಿ ಕತೆ ತಿರುಗಿಸುವ ಕಲೆಗೆ ಸ್ಟುಡಿಯೋದಲ್ಲಿ ಮುಖವೇ ಇಲ್ಲ. ತಂಬೂರಿಯ ಪಕ್ಕಕ್ಕೆ ಹಾರ್ಮೋನಿಯಂ ಬಂತು, ಆಮೇಲೆ ಕೀಬೋರ್ಡು, ರಿದಂ ಪ್ಯಾಡು. ಇದಕ್ಕೆ ನಾವು ಅಳುವುದಿಲ್ಲ. ಹಾಡುಗಾರ ಹೊಸ ವಾದ್ಯ ಮುಟ್ಟಬಾರದು, ಮ್ಯೂಸಿಯಮ್ಮಿನ ಗೊಂಬೆಯ ಹಾಗೆ ಹಳೆಯದನ್ನೇ ಹಿಡಿದು ನಿಂತಿರಬೇಕು ಎಂದು ಬಯಸುವವರು ಅವನ ಸ್ನೇಹಿತರಲ್ಲ. ಕತ್ತರಿ ಯಾರ ಕೈಲಿತ್ತು ಎಂಬುದೇ ನಮ್ಮ ಪ್ರಶ್ನೆ.

ಹೆಣ್ಣಿನ ಹಾಡಿನ ಗತಿಯನ್ನೂ ಇಲ್ಲೇ ಹೇಳಬೇಕು. ನಾಲೆಯ ನೀರು ಬಂದ ಮೇಲೆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವರು ಹೆಂಗಸರು, ಆ ಸಾಲಿಗೆ ಪದ ಕಟ್ಟಿದವರೂ ಅವರೇ. ಸೋಬಾನೆ ಅವರದು, ರಾಗಿ ಬೀಸುವ ಪದ ಅವರದು. ಕ್ಯಾಸೆಟ್ಟಿನ ರಟ್ಟಿನ ಮೇಲೆ ಹೆಸರು, ಚಿತ್ರ ಅಂತ ಬಂದಾಗ ಮುಂದೆ ನಿಂತವರು ಮಾತ್ರ ಗಂಡಸರೇ. ಬೀಸುಕಲ್ಲು ನಿಂತಾಗ ಅದರ ಪದವೂ ನಿಂತಿತು. ದಲಿತ ಹೆಣ್ಣುಮಗಳ ಗಂಟಲು ಹಾಡಿನ ಮಾರುಕಟ್ಟೆಗೂ ಬೇಕಾಗಲಿಲ್ಲ, ನಮ್ಮ ವೇದಿಕೆಗಳಿಗೂ ಹಿಮ್ಮೇಳಕ್ಕಷ್ಟೇ ಬೇಕಾಯಿತು.

ಹಣದ ಮಾತಿಗೆ ಬರೋಣ. ಆ ವ್ಯಾಪಾರದ ಸಾಮಾನ್ಯ ಪದ್ಧತಿ ಏನಪ್ಪಾ ಅಂದರೆ, ಹಾಡಿದ ದಿನ ಒಂದೇ ಸಲ ಒಂದು ಮೊತ್ತ ಕೈಗೆ ಕೊಟ್ಟು ರುಜು ಹಾಕಿಸಿಕೊಳ್ಳುವುದು. ಆಮೇಲೆ ನೂರು ಮಾರಿದರೂ ಅಷ್ಟೇ, ಲಕ್ಷ ಮಾರಿದರೂ ಅಷ್ಟೇ. ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡುವವನಿಗೆ ಪ್ರತ್ಯೇಕ ಹಕ್ಕು ಎಂಬುದೇ ಇರಲಿಲ್ಲ. ಪ್ರದರ್ಶಕನ ಹಕ್ಕು ಸೇರಿದ್ದು 1994ರ ತಿದ್ದುಪಡಿಯಲ್ಲಿ. ವ್ಯಾಪಾರಕ್ಕೆ ಬಳಸಿದಾಗ ಅವನಿಗೂ ರಾಯಧನ ಸಲ್ಲಬೇಕು ಎಂಬ ಮಾತು ಸೇರಿದ್ದು 2012ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕ್ಯಾಸೆಟ್ಟಿನ ಕಾಲವೇ ಮುಗಿದಿತ್ತು. ಹಾಡು 'ಪರಂಪರಾಗತ'ವಾದ್ದರಿಂದ ಸಾಹಿತ್ಯಕ್ಕೆ ಒಡೆಯನಿಲ್ಲ. ಆದರೆ ಧ್ವನಿಮುದ್ರಣಕ್ಕೆ ಒಡೆಯನಿದ್ದಾನೆ, ಅವನ ಹಕ್ಕು 60 ವರ್ಷ. 1988ರಲ್ಲಿ ಬಂದ ಒಂದು ಕ್ಯಾಸೆಟ್ಟಿನ ಧ್ವನಿ 2048ರ ಕೊನೆಯ ತನಕ ಮುದ್ರಿಸಿದವನ ಸ್ವತ್ತು. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಯೂಟ್ಯೂಬ್ ಬಂತು. ಹಳೆಯ ಟೇಪನ್ನು ಹೊಸ ಯಂತ್ರಕ್ಕೆ ಹಾಕಿದವನಿಗೆ ಪ್ರತಿ ವೀಕ್ಷಣೆಗೂ ಕಾಸು. ಹಕ್ಕು ಬರೆದುಕೊಟ್ಟ ಹಾಡುಗಾರ ತನ್ನ ಆ ಧ್ವನಿಯನ್ನು ತಾನೇ ಅಲ್ಲಿ ಹಾಕಹೋದರೆ ತಡೆ. ತನ್ನ ಮಗುವನ್ನು ಮುಟ್ಟಲು ಅಪ್ಪನಿಗೇ ಅಪ್ಪಣೆ ಬೇಕು ಅಂದ ಹಾಗಾಯಿತು ಇದು.

6

ಇದೇ ಕಾಲದಲ್ಲಿ ಅಂಗಡಿಯ ಗೊಡವೆಯೇ ಇಲ್ಲದ ಇನ್ನೊಂದು ಹಾಡು ನಮ್ಮ ಸೀಮೆಯಲ್ಲಿ ಓಡಾಡಿತು. 1973ರ ಬೂಸಾ ಪ್ರಕರಣದ ನಂತರ, ದಲಿತ ಸಂಘರ್ಷ ಸಮಿತಿ ಹುಟ್ಟಿದ ಎಪ್ಪತ್ತರ ದಶಕದಲ್ಲಿ ಹಾಡು ಸಭೆಯ ಮೊದಲ ಭಾಷಣವಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಸಮುದಾಯದ ಜಾಥಾಗಳು ಬಂದವು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಮೈಸೂರಿನ ಜನಾರ್ಧನ್ (ಜನ್ನಿ), ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಅಂಥವರ ಗಂಟಲು ಊರೂರು ಮುಟ್ಟಿತು. ಆ ಹಾಡುಗಳು ಹರಡಿದ್ದು ಸೈಕ್ಲೋಸ್ಟೈಲ್ ಹಾಳೆಯಲ್ಲಿ, ಹಾಸ್ಟೆಲ್ ಹುಡುಗರ ನೋಟುಬುಕ್ಕಿನಲ್ಲಿ, ಲಾರಿಯ ಮೇಲೆ ನಿಂತು ಮೆರವಣಿಗೆಗೆ ಹೊರಟವರ ಬಾಯಲ್ಲಿ. ಕೇಳಿದವನೇ ನಕಲು ಮಾಡಿಕೊಂಡು ಮುಂದಿನ ಊರಿನಲ್ಲಿ ಹಾಡುವವನಾದ. ಮಾರಾಟಗಾರನಿಲ್ಲದ ಸಂಗೀತ ಎಂಬುದು ಸಾಧ್ಯ ಎಂದು ಆ ಹತ್ತು ಹದಿನೈದು ವರ್ಷ ತೋರಿಸಿಕೊಟ್ಟವು.

ಆಗಲೇ ಎದ್ದ ಒಂದು ವಾದ ಇನ್ನೂ ಮುಗಿದಿಲ್ಲ. ತಮಟೆ ಬಡಿಯಬೇಕೋ ಬೇಡವೋ? ಸಾವಿಗೆ, ಹಬ್ಬಕ್ಕೆ, ಸಾರುವುದಕ್ಕೆ ಊರಿನವರು ಹೇಳಿದಾಗ ಬಿಟ್ಟಿಯಾಗಿ ಬಡಿಯಲೇಬೇಕಾಗಿದ್ದ ವಾದ್ಯ ಅದು. ಅದನ್ನು ಕೆಳಗಿಡುವುದೇ ಸ್ವಾಭಿಮಾನ ಎಂದರು ಕೆಲವರು. ಅಪ್ಪನ ಬೆನ್ನಿನ ಬಾಸುಂಡೆ ನೋಡಿದವರು ಅವರು, ಅವರ ಮಾತು ಸುಳ್ಳಲ್ಲ. ಅದನ್ನೇ ಎತ್ತಿ ಹೋರಾಟದ ಮುಂದೆ ಬಡಿಯಬೇಕು ಎಂದರು ಇನ್ನು ಕೆಲವರು. ಅದೂ ಸುಳ್ಳಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಸಂತೋಷ. ಆದರೆ ವಾದ ಪ್ರಶಸ್ತಿಯಿಂದ ತೀರುವುದಿಲ್ಲ. ನಮ್ಮ ನಿಲುವು ಇದು: 'ಬಡಿಯೋದಿಲ್ಲ' ಅನ್ನುವ ಹಕ್ಕು ಇರುವ ಕಡೆ ಮಾತ್ರ ಬಡಿಯುವುದು ಕಲೆ. ಆ ಹಕ್ಕಿಲ್ಲದ ಕಡೆ ಎಷ್ಟು ಚೆನ್ನಾಗಿ ಬಡಿದರೂ ಅದು ಜೀತವೇ.

7

ಈಗ ನಗರದ ಬ್ಯಾಂಡುಗಳ ಕಡೆ ನೋಡೋಣ. ಮಾದಪ್ಪನ ಪರಂಪರೆಯ 'ಕೋಲುಮಂಡೆ' ಹಾಡು 1996ರಲ್ಲಿ ನಾಗಾಭರಣರ 'ಜನುಮದ ಜೋಡಿ' ಸಿನಿಮಾದಿಂದ ನಾಡೆಲ್ಲ ಹರಡಿತು. 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಶಿಶುನಾಳ ಷರೀಫರ ಪದವನ್ನು ಗಿಟಾರಿಗೆ ಕೂಡಿಸಿ ದೇಶದ ಆಚೆಗೂ ಒಯ್ದಿತು. ಸ್ವರಾತ್ಮದಂಥ ಬೆಂಗಳೂರಿನ ತಂಡಗಳು ಜನಪದದ ಮಟ್ಟುಗಳನ್ನು ರಾಕ್ ಸಂಗೀತದ ಜೊತೆ ಹೊಂದಿಸಿದವು. ಇದೆಲ್ಲ ಕಳ್ಳತನ ಎಂದು ಕೂಗುವವರ ಜೊತೆ ನಾವಿಲ್ಲ. ಹಾಡು ತಿರುಗುವ ಜಂಗಮ. ನೀಲಗಾರನೂ ನೂರು ಕಡೆಯಿಂದ ಮಟ್ಟು ಹೆಕ್ಕಿಕೊಂಡವನೇ.

2020ರ ಆಗಸ್ಟಿನಲ್ಲಿ ಒಬ್ಬ ರ‍್ಯಾಪ್ ಗಾಯಕರು ಅದೇ 'ಕೋಲುಮಂಡೆ'ಯನ್ನು ಹೊಸ ಬಗೆಯಲ್ಲಿ ಹಾಡಿ ದೃಶ್ಯ ಕಟ್ಟಿ ಬಿಟ್ಟರು. ಸಂಕಮ್ಮನನ್ನು ತೋರಿಸಿದ ರೀತಿ ಸರಿಯಿಲ್ಲ ಎಂದು ಭಕ್ತರು ಸಿಟ್ಟಾದರು. ದೃಶ್ಯವನ್ನು ತೆಗೆದುಹಾಕಲಾಯಿತು, ಗಾಯಕರು ಕ್ಷಮೆ ಕೇಳಿದರು. ಸಂಕಮ್ಮನ ಮರ್ಯಾದೆಯ ಪ್ರಶ್ನೆ ದೊಡ್ಡದೇ. ಆದರೆ ಆ ಗಲಾಟೆಯಲ್ಲೆಲ್ಲ ನಮಗೆ ಕೇಳಿಸಿದ್ದು 'ಭಾವನೆಗೆ ಧಕ್ಕೆ' ಎಂಬ ಮಾತು. ಇದನ್ನು ತಲೆತಲಾಂತರದಿಂದ ಹಾಡಿಕೊಂಡು ಬಂದ ದೇವರಗುಡ್ಡರ ಕೂಲಿಗೆ ಆದ ಧಕ್ಕೆಯ ಮಾತು ಕೇಳಿಸಲಿಲ್ಲ. ದೇವರ ಪರವಾಗಿ ನಿಲ್ಲುವುದಕ್ಕೆ ಜನ ಸಿಗುತ್ತಾರೆ, ದೇವರನ್ನು ಹಾಡಿದವರ ಪರವಾಗಿ ಸಿಗುವುದು ಕಷ್ಟ.

ಬೇರೆ ದಾರಿಯೂ ಇದೆ ಎಂಬುದಕ್ಕೆ ಎರಡು ಉದಾಹರಣೆ. ಒಂದು ಪಕ್ಕದ ಮದ್ರಾಸಿನದು. 2018ರ ಜನವರಿಯಲ್ಲಿ ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ಎಂಬ ತಂಡವನ್ನು ವೇದಿಕೆಗೆ ತಂದರು. ಉತ್ತರ ಮದ್ರಾಸಿನ ಗಾನಾ ಹಾಡುವ ಹುಡುಗರು, ಸಾವಿನ ಮನೆಯಲ್ಲಿ ಬಡಿಯುವ ವಾದ್ಯದವರು ಗಿಟಾರಿನವರ ಪಕ್ಕದಲ್ಲೇ ನಿಂತರು. ಹಿಮ್ಮೇಳದಲ್ಲಲ್ಲ, ಮುಂದೆ. ಹಾಡಿದ್ದು ಮೀಸಲಾತಿಯ ಬಗ್ಗೆ, ಜಾತಿಯ ಬಗ್ಗೆ. ಅಲ್ಲಿ ಜನಪದ ಎಂಬುದು ಒಗ್ಗರಣೆಯಾಗಿರಲಿಲ್ಲ, ಅಡುಗೆಯೇ ಅದಾಗಿತ್ತು.

ಇನ್ನೊಂದು ದೂರದ ಲಂಡನ್ನಿನದು. ಇಂಡಿ ಎಂಬ ಮಾತು ಚಲಾವಣೆಗೆ ಬಂದದ್ದು ಆ ಕಡೆಯಿಂದ. 1978ರಲ್ಲಿ ಸ್ಕ್ರಿಟಿ ಪೊಲಿಟಿ ಎಂಬ ಎಡಪಂಥೀಯ ಹುಡುಗರ ತಂಡ ತಮ್ಮ ಮೊದಲ ರೆಕಾರ್ಡನ್ನು ತಾವೇ ತಂದಿತು. ಅದರ ರಟ್ಟಿನ ಮೇಲೆ ಮುದ್ರಣಕ್ಕೆ ಎಷ್ಟು ಬಿತ್ತು, ಸ್ಟುಡಿಯೋಕ್ಕೆ ಎಷ್ಟು ಬಿತ್ತು ಎಂಬ ಖರ್ಚಿನ ಲೆಕ್ಕವನ್ನೇ ಅಚ್ಚು ಹಾಕಿತು. ಕೇಳುವವನೂ ನಾಳೆ ತನ್ನ ರೆಕಾರ್ಡು ತಾನೇ ತರಬಹುದಲ್ಲ ಎಂದು! ಅದೇ ಹೊತ್ತಿಗೆ ನಮ್ಮಲ್ಲಿ ಸಣ್ಣ ಪತ್ರಿಕೆಗಳು ಚಂದಾ ಎತ್ತಿ, ಸಾಲ ಮಾಡಿ, ಅಚ್ಚುಮೊಳೆ ಜೋಡಿಸಿ ಬರುತ್ತಿದ್ದವು. ಅವರಿಗೆ ನಾವು ಗೊತ್ತಿರಲಿಲ್ಲ, ನಮಗೆ ಅವರು ಗೊತ್ತಿರಲಿಲ್ಲ. ಕೆಲಸ ಒಂದೇ ಇತ್ತು. ಪರ್ಯಾಯ ಎಂಬುದು ಗಿಟಾರಿನಲ್ಲಿಲ್ಲ, ತಂಬೂರಿಯಲ್ಲೂ ಇಲ್ಲ. ಲೆಕ್ಕದ ಪುಸ್ತಕ ಯಾರ ಕೈಲಿದೆ ಎಂಬುದರಲ್ಲಿದೆ.

8

ಹಾಗಾಗಿ ಹೊಸ ಆಲ್ಬಂಗಳ ವಿಮರ್ಶೆಯನ್ನು ನಾವೂ ಬರೆಯಬೇಕು. ಆದರೆ ನಕ್ಷತ್ರ ಕೊಡುವ ವಿಮರ್ಶೆಯಲ್ಲ. ಒಂದು ಹಾಡು ನಮ್ಮ ಸೀಮೆಯ ಮಟ್ಟನ್ನು ತೆಗೆದುಕೊಂಡು ಬಂತು ಅಂದರೆ ನಾವು ಕೇಳಬೇಕಾದದ್ದು ಇವು. ಯಾರಿಂದ ಕಲಿತರು, ಅವರ ಹೆಸರು ರಟ್ಟಿನ ಮೇಲೆ ಇದೆಯೋ, 'ಜನಪದ' ಎಂಬ ಒಂದೇ ಪದದಲ್ಲಿ ಹೂತುಹೋಗಿದೆಯೋ? ಬಂದ ಹಣದಲ್ಲಿ ಆ ಕೇರಿಗೆ ಪಾಲು ಉಂಟೋ? ಕಲ್ಯಾಣದ ಬಾಗಿಲಿನ ಅವಮಾನ, ಹಲಗೂರಿನ ಕಬ್ಬಿಣ ಹಾಡಿನಲ್ಲಿ ಉಳಿದಿದೆಯೋ, ಬರೀ ಕುಣಿತದ ಲಯ ಉಳಿದಿದೆಯೋ? ಮುಂದೆ ನಿಂತು ಹಾಡುವವರಲ್ಲಿ ನಮ್ಮ ಹೆಣ್ಣುಮಕ್ಕಳಿದ್ದಾರೋ?

ಕೆಲಸ ಮಾತ್ರ ನಮ್ಮ ಕಡೆಯಿಂದಲೇ ಶುರುವಾಗಬೇಕು. ಹಳ್ಳಿಯ ಮೇಷ್ಟರುಗಳೇ, ನಿಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ನೀಲಗಾರರ ಮೊಮ್ಮಕ್ಕಳಿರಬಹುದು. ಆ ತಾತನನ್ನು ಶಾಲೆಗೆ ಕರೆಸಿ, ನೆಲದ ಮೇಲಲ್ಲ, ಕುರ್ಚಿಯ ಮೇಲೆ ಕೂರಿಸಿ ಹಾಡಿಸಿ. ವಿದ್ಯಾರ್ಥಿ ಗೆಳೆಯರೇ, ಈಗ ನಿಮ್ಮೆಲ್ಲರ ಜೇಬಿನಲ್ಲೂ ಧ್ವನಿ ಹಿಡಿಯುವ ಯಂತ್ರವಿದೆ. ಬೊಪ್ಪೇಗೌಡನಪುರಕ್ಕೋ ಚಿಕ್ಕಲ್ಲೂರಿನ ಜಾತ್ರೆಗೋ ಹೋದಾಗ ಹಾಡನ್ನು ಹಿಡಿಯುವ ಮುಂಚೆ ಹಾಡುವವರ ಒಪ್ಪಿಗೆ ಕೇಳಿ. ಹಿಡಿದ ಮೇಲೆ ಅದರ ಒಂದು ಪ್ರತಿ ಅವರಿಗೇ ಕೊಡಿ. ಎಲ್ಲಿ ಹಾಕಿದರೂ ಹೆಸರು ಹಾಕಿ, ಕಾಸು ಬಂದರೆ ಮೊದಲು ಅವರಿಗೆ ಮುಟ್ಟಿಸಿ. ಸಂಘಟನೆಯ ಕಾರ್ಯಕರ್ತರೇ, ಹಳೆಯ ಕರಾರು ಪತ್ರಗಳು ಹಾಡುಗಾರರ ಮನೆಯ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು. ಅವನ್ನು ತೆಗೆಸಿ, ವಕೀಲರಿಗೆ ತೋರಿಸಿ, 2012ರ ತಿದ್ದುಪಡಿ ಅವರಿಗೆ ಏನು ಕೊಡಬಲ್ಲುದು ಎಂಬುದನ್ನು ಓದಿ ಹೇಳಿ. ಭೂಮಿಯ ಪಹಣಿ ಓದುವುದನ್ನು ಕಲಿತವರು ನಾವು, ಹಾಡಿನ ಪಹಣಿಯನ್ನೂ ಓದಲೇಬೇಕು.

ಸಿದ್ದಪ್ಪಾಜಿ ಹಲಗೂರಿನಲ್ಲಿ ಕಬ್ಬಿಣ ಕೇಳಿ ಬರಿಗೈಲಿ ಹಿಂದಿರುಗಲಿಲ್ಲ. ಅವನ ಕತೆ ಹಾಡಿದವರ ಮೊಮ್ಮಕ್ಕಳು ಯಾಕೆ ಹಿಂದಿರುಗಬೇಕು?